ಗಿಟಾರು, ಕುರಿಕಾಲು ಮತ್ತು ಕುಕ್ಕರು

ಐವತ್ತು ದಾಟಿದ ಮೇಲೆ ಗಿಟಾರು ಹಿಡಿದವನ ಮನೆಯಲ್ಲಿ ನಗೋದಕ್ಕೆ ಟೀವಿ ಬೇಕಾಗಲ್ಲ. ಮಧುಗಿರಿಯ ನಮ್ಮ ಮನೆಯಲ್ಲಿ ಹಾಗೇ ಆಗಿದೆ. ಊರೂರು ತಿರುಗಿ ಕುರಿ, ಮೇಕೆಗೆ ಲಸಿಕೆ ಹಾಕೋದು ನನ್ನ ಕೆಲಸ. ಗಿಟಾರು ತಂದ ದಿನವೇ ಹೆಂಡತಿ ಷರತ್ತು ಹಾಕಿದಳು.

“ವ್ಯಾಯಾಮಕ್ಕೆ ಅಂತ ಸೈಕಲ್ ತಂದ್ರಿ, ಅದರ ಮೇಲೆ ಬಟ್ಟೆ ಒಣಗ್ತೈತೆ. ಇದನ್ನ ಮೂರು ತಿಂಗಳು ದಿನಾ ಬಾರಿಸ್ಬೇಕು. ಒಂದು ದಿನ ತಪ್ಪಿದ್ರೂ ಕೊರಟಗೆರೆಯಿಂದ ನನ್ನ ತಮ್ಮ ಬಂದು ತಗೊಂಡೋಗ್ತಾನೆ.”

ಕಾಲೇಜು ದಿನಗಳಿಂದ ಆಸೆಪಟ್ಟ ವಸ್ತು. ಹೇಗಾದರೂ ಉಳಿಸಿಕೊಳ್ಳಬೇಕು ಅಂತ ಒಪ್ಪಿಕೊಂಡೆ.

ಬೆರಳು ತೋರಿಸಿ

ಭಾನುವಾರ ಭಾನುವಾರ ಶಿರಾದಲ್ಲಿ ಕ್ಲಾಸು. ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. “ದಿನಾ ಪ್ರಾಕ್ಟೀಸ್ ಮಾಡ್ತೀರಾ ಸಾರ್?” ಅಂದರು. “ತಪ್ಪದೆ,” ಅಂದೆ. ದಿನಾ ಗಿಟಾರು ಹಿಡಿದು ಕೂರ್ತಿದ್ದದ್ದು ನಿಜ. ಆದರೆ ಅರ್ಧ ಹೊತ್ತು ಅದನ್ನ ಒರೆಸೋದರಲ್ಲೇ ಹೋಗ್ತಿತ್ತು.

“ಬೆರಳು ತೋರಿಸಿ. ತಂತಿ ಒತ್ತಿದ್ರೆ ತುದಿ ಗಟ್ಟಿಯಾಗಿರ್ಬೇಕು.”

ಧೈರ್ಯವಾಗಿ ಕೈ ಚಾಚಿದೆ. ಅವರು ಮುಟ್ಟಿ ನೋಡಿ, “ಶಭಾಷ್, ಗಟ್ಟಿ ಐತೆ,” ಅಂದರು. ಆಮೇಲೆ ತಿರುಗಿಸಿ ನೋಡಿದರು. “ಇದು ಬಲಗೈ ಸಾರ್. ಸಿರಿಂಜ್ ಒತ್ತಿ ಒತ್ತಿ ಬಂದಿರೋದು. ತಂತಿ ಒತ್ತೋದು ಎಡಗೈಲಿ!”

ಅವತ್ತೇ ಶಿಕ್ಷೆ ಆಯ್ತು. ದಿನಾ ಬೆಳಿಗ್ಗೆ ಏಳಕ್ಕೆ, ಒಂದೇ ಪಾಠ, ಎಂಟು ಸಲ. “ಆಹಿಸ್ತಾ ಸಾರ್, ನಿಧಾನಕ್ಕೆ. ಅರ್ಜೆಂಟ್ ಮಾಡಿದ್ರೆ ತಪ್ಪೇ ಅಭ್ಯಾಸ ಆಗೋಗುತ್ತೆ.”

ಕುರಿಯ ಕಾಲು

ಎರಡು ವಾರದಲ್ಲಿ ಎಡಗೈ ಬೆರಳುಗಳು ಹೇಳಿದ ಮಾತು ಕೇಳೋದು ಬಿಟ್ಟು ತಾವೇ ಅಭ್ಯಾಸ ಶುರು ಮಾಡಿದವು. ಐ.ಡಿ.ಹಳ್ಳಿ ಹತ್ತಿರ ಒಬ್ಬ ಕುರಿಗಾಹಿ ಹಿರಿಯ, ಹೊಟ್ಟೆ ಉಬ್ಬರಿಸಿದ ಕುರಿ ತಂದು ನನ್ನ ಮುಂದೆ ನಿಲ್ಲಿಸಿದ. ಔಷಧ ಕುಡಿಸಿ, ಕುರಿ ಒದೆಯದಿರಲಿ ಅಂತ ಕಾಲು ಹಿಡಿದುಕೊಂಡೆ. ಒಳ್ಳೆ ಗಿಟಾರಿನ ಹಿಡಿಯಷ್ಟೇ ದಪ್ಪ! ಬೆರಳು ಜಾಗ ಹುಡುಕಿಕೊಂಡು ಒತ್ತೋಕೆ ಶುರು ಮಾಡಿದವು.

ಹಿರಿಯ ಬಗ್ಗಿ ನೋಡಿದ. “ಸಾ, ಹೊಟ್ಟೆನೋವು ಅಂತ ಕರ್ಕಂಬಂದೆ. ನೀವು ಕಾಲು ಒತ್ತುತಾ ಕುಂತಿದ್ದೀರಲ್ಲ!”

“ನರ ಚೆಕ್ ಮಾಡ್ತಿದ್ದೀನಿ ಕಣಯ್ಯ,” ಅಂದೆ.

ಅಷ್ಟರಲ್ಲಿ ಹೊಟ್ಟೆ ಇಳಿದ ಕುರಿ ಮೇಯೋಕೆ ಹೋಯ್ತು. ಆಸಾಮಿ ತಕ್ಷಣ ತನ್ನ ಕಾಲು ಚಾಚಿ ಕೂತ. “ನಂದೂ ಒಸಿ ನೋಡ್ಬುಡಿ ಸಾ. ಮಂಡಿ ಹಿಡ್ಕೊಂಡೈತೆ.”

ಅನ್ನ ಹಾಳಾದ ದಿನ

ಷರತ್ತು ಮುಗಿಯೋಕೆ ಒಂದೇ ವಾರ ಇತ್ತು. ಪಾವಗಡದಲ್ಲಿ ಎರಡು ದಿನ ಲಸಿಕೆ ಕೆಲಸ ಬಿತ್ತು. ಗಿಟಾರು ಮನೆಯಲ್ಲೇ ಉಳಿಯಿತು, ದಿನ ತಪ್ಪಿತು. ಹೆಂಡತಿ ಮಾತಿಗೆ ತಪ್ಪೋಳಲ್ಲ. ನಾನು ವಾಪಸ್ ಬಂದ ಮಾರನೇ ಬೆಳಿಗ್ಗೆ ಗಿಟಾರನ್ನ ಚೀಲಕ್ಕೆ ಹಾಕಿ ಕಟ್ಟಿಟ್ಟಳು. ನನಗೆ ಅಳುವೇ ಬಂದಂಗಾಯ್ತು.

ಹತ್ತು ಗಂಟೆಗೆ ಬಾಮೈದ ಬೈಕಲ್ಲಿ ಬಂದ. ಊಟಕ್ಕೆ ಕೂತ. ತಟ್ಟೆಗೆ ಬಿದ್ದದ್ದನ್ನ ನೋಡಿ, “ಅಕ್ಕ, ಇದು ಅನ್ನಾನೋ ಗಂಜೀನೋ?” ಅಂದ.

ಅವಳು ಸೌಟಲ್ಲಿ ಅನ್ನ ಕೆದಕಿ ನೋಡಿದಳು. ಆಮೇಲೆ ಅಂದಳು: “ಕುಕ್ಕರ್ ವಿಷಲ್ ಕೂಗದೆ ಎರಡು ತಿಂಗಳಾಯ್ತು ಕಣ್ಲಾ. ನಿಮ್ಮ ಭಾವ ಎಂಟು ಸಲ ಬಾರಿಸಿ ನಿಲ್ಸಿದ್ರೆ ಒಲೆ ಆರಿಸ್ತಿದ್ದೆ. ಅವ್ರು ಇಲ್ದ ಎರಡು ದಿನ ಬರೀ ಮುದ್ದೆ ಮಾಡ್ಕೊಂಡೆ. ಇವತ್ತು ಬಾರಿಸ್ನಿಲ್ಲವಲ್ಲ, ಮರ್ತೇಬುಟ್ಟೆ.”

ಬಾಮೈದ ನಗುತ್ತಾ ಬರಿಗೈಲಿ ಕೊರಟಗೆರೆಗೆ ಹೊರಟ. ನಾನು ಖುಷಿಗೆ ಚೀಲ ಬಿಚ್ಚಿ, “ಕೈ ಕೂತೈತೆ ಕಣೇ. ನಾಳೆಯಿಂದ ಡಬಲ್ ಸ್ಪೀಡಲ್ಲಿ ಬಾರಿಸ್ತೀನಿ ನೋಡು!” ಅಂದೆ.

ಅವಳು ಅಡುಗೆಮನೆಯಿಂದಲೇ ಕೂಗಿದಳು: “ಏನೂ ಬೇಡ ರೀ! ನಾಳೆ ಅಲಸಂದೆ ಕಾಳು ಬೇಯಿಸ್ಬೇಕು, ಇನ್ನೂ ನಿಧಾನಕ್ಕೆ ಬಾರಿಸಿ!”