ನಾಲ್ಕಕ್ಕೇ ಮನೆಗೆ ತರುವ ಮೋಟಾರು

ನಾನು ವಕೀಲನೆಂಬ ಸಂಗತಿಯನ್ನು ರೈಲುಗಾಡಿಯಲ್ಲಿ ಯಾರಿಗೂ ಹೇಳಬಾರದಾಗಿತ್ತು.

ಮನೆ ಧಾರವಾಡದ ಮಾಳಮಡ್ಡಿಯಲ್ಲಿ, ಕೋರ್ಟು ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಒಂದು ಗಾಡಿ, ಸಂಜೆ ಒಂದು ಗಾಡಿ. ಈ ಗಾಡಿಯಲ್ಲಿ ಕೂಡುವವರಿಗೆಲ್ಲ ಟಿಕೀಟು ಇರುತ್ತದೆಯೋ ಇಲ್ಲವೋ, ವ್ಯಾಜ್ಯ ಮಾತ್ರ ಇದ್ದೇ ಇರುತ್ತದೆ. ನವಲೂರು ದಾಟುವಷ್ಟರಲ್ಲಿ ಒಬ್ಬರ ಹಿತ್ತಿಲ ಗೋಡೆಯ ತಂಟೆ ಮುಗಿದಿದ್ದರೆ, ಉಣಕಲ್ಲಿನ ಹೊತ್ತಿಗೆ ಇನ್ನೊಬ್ಬರ ದತ್ತಕದ ತಕರಾರು ನನ್ನ ತೊಡೆಯ ಮೇಲೆ ಬಿಚ್ಚಿಕೊಂಡಿರುತ್ತದೆ. ಅದರಲ್ಲೂ ನಮ್ಮ ವೆಂಕಣ್ಣ ಎಂಬ ಮಹಾನುಭಾವರು ದಿನವೂ ನನಗಾಗಿ ಕಿಟಕಿಯ ಪಕ್ಕ ಜಾಗ ಹಿಡಿದಿಡುತ್ತಾರೆ.

“ಬರ್ರಿ ರಾಯರ, ಇಲ್ಲೇ ಕೂಡ್ರಿ. ಸುಮ್ಮನ ಒಂದು ಮಾತು ಕೇಳತೇನಿ.”

(ನಮ್ಮ ಸೀಮೆಯಲ್ಲಿ ‘ಸುಮ್ಮನ ಒಂದು ಮಾತು’ ಎಂದರೆ ಅಜ್ಜನ ಕಾಲದಿಂದ ಸುರುವಾಗಿ ಮೊಮ್ಮಗನ ಪಾಲಿನವರೆಗೆ ನಡೆಯುವ ಒಂದು ಪುರಾಣ. ಇದಕ್ಕೆ ದಕ್ಷಿಣೆ ಇರುವುದಿಲ್ಲ.)

ನನಗೆ ಬೇಕಾಗಿದ್ದದ್ದು ಐಶ್ವರ್ಯವಲ್ಲ, ಮೌನ. ದಿನಕ್ಕೊಂದು ತಾಸು ನನ್ನನ್ನು ಯಾರೂ ಏನೂ ಕೇಳಬಾರದು, ಇಷ್ಟೇ. ಈ ಹಂಬಲ ಹೊತ್ತು ನಾನು ಹುಬ್ಬಳ್ಳಿಯ ಮೋಟಾರು ಅಂಗಡಿಯ ಮುಂದೆ ನಿಂತ ದಿನವೇ ಅದು ಕಣ್ಣಿಗೆ ಬಿತ್ತು. ಕೆಂಪು ಮೈ, ಉದ್ದ ಮೂಗು, ಹಿಂದೆ ಬಾಲವಿಲ್ಲ, ಮೇಲೆ ಗಟ್ಟಿ ಚಾವಣಿಯಿಲ್ಲ. ಹಾರುವುದಕ್ಕೆ ಮುಂಚೆ ರೆಕ್ಕೆ ಮುದುರಿದ ಹಕ್ಕಿಯ ಹಾಗೆ ನೆಲಕ್ಕಂಟಿ ಕೂತಿತ್ತು.

“ಸ್ಪೋರ್ಟ್ಸ್ ಕಾರು ಅಂತಾರ್ರಿ ಇದಕ್ಕ,” ಎಂದ ಅಂಗಡಿಯ ಕಮರುದ್ದೀನ ಸಾಹೇಬ. “ವಿಲಾಯತಿಯೊಳಗ ಇದನ್ನ ಶರ್ಯತ್ತಿಗೆ ಓಡಸತಾರ. ಎರಡ ಸೀಟು. ಒಂದು ನಿಮ್ಮದು. ಇನ್ನೊಂದರ ಮ್ಯಾಲ ನಿಮ್ಮ ಕಾಗದಪತ್ರದ ಗಂಟು ಒಗದಬಿಡ್ರಿ. ದೇವರ ಬಂದು ಹತ್ತತೇನಿ ಅಂದರೂ ಜಾಗಾ ಇರೂದಿಲ್ಲ!”

ಆ ಒಂದು ವಾಕ್ಯಕ್ಕೆ ನಾನು ಸೋತೆ. ಈಚೆಗೆ ಒಬ್ಬ ಹತ್ತಿಯ ವ್ಯಾಪಾರಿಯ ದೊಡ್ಡ ದಾವೆ ಗೆದ್ದಿದ್ದೆನಾದ್ದರಿಂದ ಕೈಯೂ ಧೈರ್ಯ ಹೇಳಿತು. ಉಳಿದದ್ದು ಮನೆಯ ಮಂಜೂರಾತಿ. ಹೈಕೋರ್ಟಿಗಿಂತ ಒಂದು ಮೆಟ್ಟಿಲು ಮೇಲಿನ ನ್ಯಾಯಾಸನ ಅದು. ಇಬ್ಬರು ನ್ಯಾಯಾಧೀಶರು: ನನ್ನ ತಾಯಿ ಅಂಬಾಬಾಯಿ, ನನ್ನ ಹೆಂಡತಿ ಮಂದಾಕಿನಿ.

ಊಟವಾದ ಮೇಲೆ ವಿಷಯವನ್ನು ಮಂಡಿಸಿದೆ. ಅವ್ವ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು.

“ಎಷ್ಟ ಮಂದಿ ಕೂಡಬಹುದೋ ಅದರಾಗ?”

“ಇಬ್ಬರು.”

“ಮನ್ಯಾಗ ಮೂರು ಮಂದಿ ಇದ್ದೇವಲ್ಲೋ ತ್ರಿಂಬಕಾ.”

“ಇದು ಕೋರ್ಟಿಗೆ ಹೋಗಲಿಕ್ಕೆ ಅವ್ವಾ, ಪಂಢರಪುರಕ್ಕಲ್ಲ.”

“ಮ್ಯಾಲ ಟಪ್ಪು ಅದನೋ ಇಲ್ಲೋ?”

“ಬಟ್ಟೀದು ಅದ. ಬೇಕಾದಾಗ ಬಿಚ್ಚಬಹುದು, ಬ್ಯಾಡಾದಾಗ ಮಡಚಬಹುದು.”

“ಹಂಗಂದರ ಛತ್ರಿ. ಛತ್ರಿ ಮನ್ಯಾಗ ಒಂದು ಅದನಲ್ಲ.”

“ಅವ್ವಾ, ಅದು ತಾಸಿಗೆ ಅರವತ್ತು ಮೈಲು ಓಡತದ!”

ಅವ್ವ ಬತ್ತಿಯನ್ನು ಬೆಳಕಿಗೆ ಹಿಡಿದು ನೋಡಿದಳು. “ಹುಬ್ಬಳ್ಳಿ ಅಷ್ಟ ದೂರ ಇಲ್ಲಲ್ಲೋ. ಹನ್ನೆರಡ ಮೈಲಿಗೆ ಅರವತ್ತು ತೊಗೊಂಡು ಉಳದದ್ದು ಏನ ಮಾಡತಿ?”

ಇಂಥ ಸಾಕ್ಷಿಯನ್ನು ಪಾಟೀಸವಾಲು ಮಾಡುವ ವಕೀಲ ಇನ್ನೂ ಹುಟ್ಟಿಲ್ಲ. ನಾನು ಎರಡನೆಯ ನ್ಯಾಯಾಧೀಶರ ಕಡೆಗೆ ತಿರುಗಿದೆ.

“ರುಮಾಲು ಹಾರಿ ಹೋತಂದರ ಏನ್ ಮಾಡತೀರಿ?” ಎಂದಳು ಮಂದಾಕಿನಿ.

“ಟೊಪಿಗಿ ಹಾಕ್ಕೋತೇನಿ.”

“ಟೊಪಿಗಿ ಹಾರಿದರ?”

“ಬೋಳತಲೀಲೆ ಹೋಗತೇನಿ! ಅದೇನೂ ಹಾರೂದಿಲ್ಲ!” ಎಂದು ನಾನು ಸಿಟ್ಟಿನಿಂದ ಎದ್ದು ನಿಂತೆ. ಈಗ ನನ್ನ ಬತ್ತಳಿಕೆಯ ಕೊನೆಯ ಬಾಣವನ್ನು ಹೂಡುವ ಕಾಲ ಬಂದಿತ್ತು. ಅದು ಬ್ರಹ್ಮಾಸ್ತ್ರ. ಹೆಣ್ಣುಮಕ್ಕಳ ಹೃದಯ ಕರಗಲೇಬೇಕು.

“ನನ್ನ ಕೆಲಸಾ ಮಧ್ಯಾಹ್ನಕ್ಕ ಮುಗೀತದ. ಆದರೂ ಗಾಡಿ ದಾರಿ ಕಾಯಕೋತ ಕೂತು, ದೀಪಾ ಹಚ್ಚಿದ ಮ್ಯಾಲ ಮನಿಗೆ ಬರತೇನಿ. ನೀವಿಬ್ಬರೂ ಮಾರಿ ನೋಡಕೋತ ಕೂಡಬೇಕು. ಮೋಟಾರ ಬಂತಂದರ, ನಾಕಕ್ಕ ನಾನು ಮನ್ಯಾಗ!”

ಅವ್ವನ ಕೈಯ ಬತ್ತಿ ಹರಿಯಿತು. ಮಂದಾಕಿನಿ ಅವ್ವನ ಮುಖ ನೋಡಿದಳು.

“ದಿನಾ?” ಎಂದಳು ಅವ್ವ.

“ದಿನಾ!”

“ಶನಿವಾರನೂ?”

“ಶನಿವಾರ ಇನ್ನೂ ಲಗೂ ಬರತೇನಿ!”

ಅವ್ವ ಹರಿದ ಬತ್ತಿಯನ್ನೇ ಮತ್ತೆ ಹೊಸೆಯತೊಡಗಿದಳು. ಸಂತೋಷ ಅತಿಯಾದಾಗ ಹೀಗಾಗುತ್ತದೆಂದು ನಾನು ತಿಳಿದೆ.

ಆದರೆ ಮರುದಿನದಿಂದ ಮನೆಯಲ್ಲಿ ಒಂದು ವಿಚಿತ್ರವಾದ ಗಾಳಿ ಬೀಸತೊಡಗಿತು. ನನ್ನ ಡಬ್ಬಿಯಲ್ಲಿ ಬೇಸನ್ ಉಂಡೆಗಳು ಕಾಣಿಸಿಕೊಂಡವು.

“ಗಾಡ್ಯಾಗ ಎಲ್ಲಾರಿಗೂ ಕೊಟ್ಟು ತಿನ್ರಿ,” ಎಂದಳು ಮಂದಾಕಿನಿ. “ನಾಕು ಮಂದಿ ಜೋಡಿ ಮಾತಾಡಕೋತ ಬಂದರ ಜೀವಕ್ಕ ಹಗರ ಅನಸತದ. ಪಾಪ, ಆ ವೆಂಕಣ್ಣನವರು ನಿಮ್ಮ ಮ್ಯಾಲ ಎಷ್ಟ ಜೀವ ಇಟ್ಟಾರ!”

ಅವ್ವ ಬೇರೊಂದು ದಿಕ್ಕಿನಿಂದ ಮುತ್ತಿಗೆ ಹಾಕಿದಳು.

“ನಿನ್ನ ಜಾತಕಕ್ಕ ಕೆಂಪು ಬಣ್ಣ ಕೂಡೂದಿಲ್ಲೋ.”

“ಹಸರಂದೂ ಸಿಗತದ ಅವ್ವಾ.”

“ಹಸರೂ ಕೂಡೂದಿಲ್ಲ.”

“ಮತ್ತ ಯಾವುದು ಕೂಡತದ?”

“ರೈಲಿನ ಬಣ್ಣ.”

ನನ್ನ ಕಣ್ಣು ತೇವವಾದವು. (ನಗಬೇಡಿ. ನಿಮಗೂ ತಾಯಿ ಇದ್ದಾಳೆ.) ಎಷ್ಟೊಂದು ಅಕ್ಕರೆ! ಆ ವೇಗ ನನ್ನನ್ನು ಎಲ್ಲಿ ನುಂಗಿಬಿಡುತ್ತದೋ ಎಂದು ಈ ಎರಡು ಜೀವಗಳು ನವೆಯುತ್ತಿವೆ. ಅದನ್ನು ಬಾಯಿಬಿಟ್ಟು ಹೇಳಲಾರದೆ ರುಮಾಲು, ಜಾತಕಗಳ ಮರೆ ಹಿಡಿಯುತ್ತಿವೆ. ಅವರ ದುಗುಡವನ್ನು ಕಳೆಯಲೆಂದು ನಾನು ದಿನದಿನಕ್ಕೆ ನನ್ನ ಆಶ್ವಾಸನೆಯನ್ನು ಏರಿಸುತ್ತ ಹೋದೆ. “ಒಮ್ಮೊಮ್ಮೆ ಮೂರಕ್ಕೂ ಬಂದಬಿಡಬಹುದು!” ಎಂದ ದಿನ ಅಡಿಗೆಮನೆಯಲ್ಲಿ ಯಾವುದೋ ದೊಡ್ಡ ಪಾತ್ರೆ ಕೆಳಗೆ ಬಿತ್ತು.

ನಾನು ಮೋಟಾರು ನಡೆಸುವುದನ್ನು ಮೈದಾನದಲ್ಲಿ ಕಲಿತು ಮುಗಿಸಿದ ಮೇಲೆ ಕಮರುದ್ದೀನ ಸಾಹೇಬನೇ ಉಪಾಯ ಹೇಳಿಕೊಟ್ಟ. “ಒಂದ ದಿನ ಮನೀಗೆ ಒಯ್ಯಿರಿ. ಹೆಣ್ಣಮಕ್ಕಳು ಒಮ್ಮೆ ಕುಂತ ನೋಡಿದರಂದರ, ಆಮ್ಯಾಲ ನೀವ ಬ್ಯಾಡ ಅಂದರೂ ಅವರು ಬಿಡೂದಿಲ್ಲ.”

ಆ ಮಧ್ಯಾಹ್ನವನ್ನು ಹೇಗೆ ವರ್ಣಿಸಲಿ? ಉಣಕಲ್ಲಿನ ಕೆರೆಯ ಮೇಲೆ ಬಿಸಿಲು ಹುಡಿಹುಡಿಯಾಗಿ ತೇಲುತ್ತಿತ್ತು. ಎರಡೂ ಬದಿಯ ಹೊಲಗಳಲ್ಲಿ ಹತ್ತಿ ಒಡೆದು, ಕಪ್ಪು ನೆಲ ಬೆಳ್ಳಗೆ ನಕ್ಕಿತ್ತು. ಗಾಳಿ ನನ್ನ ಕಿವಿಯಲ್ಲಿ ಏನೋ ಹೇಳುತ್ತಿತ್ತೇ ಹೊರತು ಏನನ್ನೂ ಕೇಳುತ್ತಿರಲಿಲ್ಲ. ಕೆರೆಯ ದಂಡೆಯಲ್ಲಿ ಒಂಟಿಗಾಲ ಮೇಲೆ ನಿಂತ ಒಂದು ಕೊಕ್ಕರೆ ನನ್ನನ್ನು ದಿಟ್ಟಿಸಿತು. ಅದಕ್ಕೂ ಏನೋ ಒಂದು ತಂಟೆ ಇದ್ದಂತೆ ಕಂಡಿತು. ಆದರೆ ಅದು ಬಾಯಿ ತೆರೆಯುವಷ್ಟರಲ್ಲಿ ನಾನು ದಾಟಿಹೋಗಿದ್ದೆ. ಬದುಕಿನಲ್ಲಿ ಮೊದಲ ಸಲ ನಾನು ಗಟ್ಟಿಯಾಗಿ ಹಾಡಿದೆ.

ಮನೆಯ ಓಣಿಯ ಇಳುಕಲಿನಲ್ಲಿ ಇಂಜಿನ್ನು ಬಂದ್ ಮಾಡಿ, ಸದ್ದಿಲ್ಲದೆ ಬಾಗಿಲಿಗೆ ತಂದು ನಿಲ್ಲಿಸಿದೆ. ಚಕಿತಗೊಳಿಸಬೇಕೆಂಬ ಆಸೆ.

ಒಳಗಿನಿಂದ ನಗು ಕೇಳಿಸಿತು. ನಾನು ತಪ್ಪಿ ಬೇರೆ ಮನೆಗೆ ಬಂದೆನೇನೋ ಎಂದು ಬಾಗಿಲ ಮೇಲಿನ ನನ್ನ ಹೆಸರಿನ ಹಲಗೆಯನ್ನು ನೋಡಿದೆ. ನನ್ನದೇ. ಅಷ್ಟರಲ್ಲಿ ನನ್ನ ಜನ್ಮದಾತೆಯ ದನಿ ಗುಡುಗಿತು:

“ಹುಕುಂ! ಏ ರಸೂಲಬಿ, ಎಲಿ ಕೆಳಗ ಇಡು! ಮೋಸಾ ಮಾಡಬ್ಯಾಡ!”

ಬಾಗಿಲು ನೂಕಿದೆ. ನಡುಮನೆಯಲ್ಲಿ ಚಾಪೆ, ಚಾಪೆಯ ಮೇಲೆ ನಾಲ್ಕು ಮಂದಿ, ನಾಲ್ಕೂ ಕೈಯಲ್ಲಿ ಇಸ್ಪೀಟು. (ಇಸ್ಪೀಟಿನ ದುಷ್ಪರಿಣಾಮಗಳ ಬಗ್ಗೆ ನಾನು ಊರಲ್ಲಿ ಎರಡು ಭಾಷಣ ಮಾಡಿದ್ದೇನೆ.) ಪಕ್ಕದ ಮನೆಯ ರತ್ನವ್ವ ನನ್ನ ಕಾನೂನು ಪುಸ್ತಕಗಳನ್ನು ಅಟ್ಟಿ ಹಾಕಿ ಬೆನ್ನಿಗೆ ಒರಗು ಮಾಡಿಕೊಂಡಿದ್ದಳು. ಬಳೆ ಮಾರುವ ರಸೂಲಬಿ ತನ್ನ ಬುಟ್ಟಿಯನ್ನು ಮೂಲೆಗಿಟ್ಟು, ಗೆದ್ದ ಎಲೆಗಳನ್ನು ಮಡಿಲಲ್ಲಿ ಕೂಡಿಸಿಟ್ಟಿದ್ದಳು. ನಡುವೆ ಒಂದು ಪರಾತದ ತುಂಬ ಚುರುಮರಿ, ಅದರ ಮೇಲೆ, ನಮ್ಮ ಮನೆಯ ಹೊಸ್ತಿಲನ್ನು ಎಂದೂ ದಾಟದ ಉಳ್ಳಾಗಡ್ಡಿ!

ಕಾಗೆಯ ನೆರಳು ಸೋಕಿದರೂ ಮತ್ತೆ ಸ್ನಾನ ಮಾಡುವ ನನ್ನ ಅವ್ವ, ಕಳಾವರ ರಾಣಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದವಳು ಹಾಗೇ ಕೂತುಬಿಟ್ಟಳು.

ನಗು ಆರಿತು. ದೀಪಕ್ಕೆ ಗಾಳಿ ಬಡಿದ ಹಾಗೆ.

“ಗಾಡಿ ಲಗೂ ಬಂತೇನ್ರಿ?” ಎಂದಳು ಮಂದಾಕಿನಿ, ಎಲೆಗಳನ್ನು ಸೆರಗಿನೊಳಗೆ ಸೇರಿಸುತ್ತ.

“ಗಾಡಿ ಅಲ್ಲ. ಮೋಟಾರು.”

“ಅಯ್ಯ ಶಿವನ! ಅದು ಬಂದ ಬಿಟ್ಟತೇನ್ರಿ?” ಎಂದಳು ರತ್ನವ್ವ. ಊರಿಗೆ ಪ್ಲೇಗು ಬಂತೆಂದಾಗಲೂ ಅವಳು ಇಷ್ಟು ಹೆದರಿರಲಿಲ್ಲ.

“ಅವ್ವಾ, ಉಳ್ಳಾಗಡ್ಡಿ…”

“ನಂದು ಬ್ಯಾರೆ ತಾಟಿನ್ಯಾಗ ಅದ,” ಎಂದಳು ಅವ್ವ ಗಂಭೀರವಾಗಿ.

“ಇದು ಎಂದಿನಿಂದ ನಡದದ? ಯಾರು ಸುರು ಮಾಡಿದರು? ದಿನಾ ಆಡತೀರೋ, ವಾರಕ್ಕೊಮ್ಮೆಯೋ?”

“ನೋಡ್ರಿ, ಸುರು ಆತು,” ಎಂದಳು ಮಂದಾಕಿನಿ. ದನಿಯಲ್ಲಿ ಸಿಟ್ಟಿರಲಿಲ್ಲ; ಅದಕ್ಕಿಂತ ಕೆಟ್ಟದ್ದಿತ್ತು, ದಣಿವಿತ್ತು. “ಸಾರಿಗೆ ಉಪ್ಪು ಹಾಕೀಯೋ ಇಲ್ಲೋ, ಹೌದು-ಅಲ್ಲ ಇಷ್ಟ ಹೇಳು. ಲೇಖಣಿ ಎಲ್ಲೆ ಇಟ್ಟಿ, ಯಾವಾಗ ಇಟ್ಟಿ, ಇಡೂದನ್ನ ಯಾರು ನೋಡಿದರು. ಏಳೂದರಿಂದ ಮಲಗೂತನಕ ಕಟಕಟಿಯೊಳಗ ನಿಂತ ಜವಾಬು ಹೇಳಿದಂಗ. ಮಧ್ಯಾಹ್ನದಿಂದ ದೀಪಾ ಹಚ್ಚೂತನಕ ಒಂದ ಹೊತ್ತು, ನಮ್ಮನ್ನ ಯಾರೂ ಏನೂ ಕೇಳೂದಿಲ್ಲ. ಅಷ್ಟ ನಮ್ಮದು. ಅದನ್ನೂ ನಿಮ್ಮ ಮೋಟಾರ ತಿನ್ನಲಿಕತ್ತಿತ್ತು.”

ನನಗೆ ಎಲ್ಲೋ ಕೇಳಿದ ಮಾತೆನ್ನಿಸಿತು. ಎಲ್ಲಿ ಎಂದು ನೆನಪು ಮಾಡಿಕೊಳ್ಳುವ ಧೈರ್ಯವಾಗಲಿಲ್ಲ.

“ಹಂಗಾದರ ನನ್ನ ಜೀವದ ಕಾಳಜಿ? ಜಾತಕ? ರುಮಾಲು?”

“ರುಮಾಲಿಂದು ಖರೇನ ಕಾಳಜಿ ಇತ್ತು,” ಎಂದಳು ಅವ್ವ. “ನಿಮ್ಮಪ್ಪಂದು ಅದು, ಅಸಲ ಜರೀದು.”

ನಾನು ಕುರ್ಚಿಗೆ ಕುಸಿದೆ. ರಸೂಲಬಿ ನನ್ನನ್ನೂ ತನ್ನ ಎಲೆಗಳನ್ನೂ ಸರದಿಯಿಂದ ನೋಡಿದಳು. “ಗೆಲ್ಲೂ ಕೈ ಇತ್ತರಿ ಸಾಹೇಬ್ರ,” ಎಂದು ನಿಟ್ಟುಸಿರಿಟ್ಟಳು.

ಕೊನೆಗೆ ಹಿರಿಯ ನ್ಯಾಯಾಧೀಶರು ತೀರ್ಪು ಕೊಟ್ಟರು. “ಮೋಟಾರ ತೊಗೋ ತ್ರಿಂಬಕಾ. ಹರೇದಾಗ ಏನೂ ಬೇಡಲಿಲ್ಲ ನೀನು. ಆದರ ಮನೀಗೆ ಬರೂದು ಮಾತ್ರ ದೀಪಾ ಹಚ್ಚಿದ ಮ್ಯಾಲ ಬಾ.”

“ಹಂಗಾದರ ಮೋಟಾರ ಯಾಕ ಬೇಕು?”

“ಅದನ್ನ ನಾನು ಮೊದಲ ದಿನಾನ ಕೇಳಿದ್ನೆಲ್ಲೋ.”

ಮೋಟಾರನ್ನು ಅಂಗಡಿಗೆ ಮರಳಿಸಲು ಎದ್ದೆ. ಮಂದಾಕಿನಿ ನನ್ನ ಹಿಂದೆ ಬಾಗಿಲತನಕ ಬಂದಳು. ಮೋಟಾರಿನ ಕೆಂಪು ಬಾಗಿಲನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಬಿಸಿಲಿಗೆ ಕಾದಿತ್ತು. “ಛಂದ ಅದ,” ಎಂದಳು. ಆಮೇಲೆ ಮೆಲ್ಲಗೆ, “ನಿಧಾನ ಬರ್ರಿ,” ಎಂದಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮಾಸ್ತರರು ಇದನ್ನು ಕೇಳಿ, ಗಂಡನ ಮೇಲೆ ಎಂಥ ಕಾಳಜಿ ಇರುವ ಹೆಣ್ಣುಮಗಳೆಂದು ತಲೆದೂಗಿದರು.

ತೊಗೊಂಡೆ. ರೈಲಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಇನ್ನು ತೊಗೊಳ್ಳದಿದ್ದರೆ ಆ ವ್ಯಾಜ್ಯವನ್ನೂ ವೆಂಕಣ್ಣನವರೇ ನಡೆಸುತ್ತಿದ್ದರು.

ಈಗ ನನ್ನ ವಿಲಾಯತಿ ಶರ್ಯತ್ತಿನ ಮೋಟಾರು ಹುಬ್ಬಳ್ಳಿ-ಧಾರವಾಡದ ರಸ್ತೆಯಲ್ಲಿ ಎಲ್ಲಕ್ಕೂ ಹಿಂದಿರುವ ವಾಹನವಾಗಿದೆ. ಟಾಂಗಾಗಳು ನನ್ನನ್ನು ದಾಟಿ ಹೋಗುತ್ತವೆ. ಸೈಕಲ್ಲಿನ ಗುಮಾಸ್ತರು ದಾಟಿ ಹೋಗುವಾಗ ಹಿಂತಿರುಗಿ ನಮಸ್ಕಾರ ಮಾಡುತ್ತಾರೆ. ರಾಯರಿಗೆ ಮೋಟಾರು ನಡೆಸಲು ಬರುವುದಿಲ್ಲವೆಂದು ಊರೆಲ್ಲ ಸುದ್ದಿ.

ನಿನ್ನೆ ನವಲೂರಿನ ಹತ್ತಿರ ಹತ್ತಿ ಹೇರಿದ ಒಂದು ಚಕ್ಕಡಿ ಸಿಕ್ಕಿತು. ಪುಣ್ಯ ಮಾಡಿದ್ದೆನೆಂದು ಅದರ ಹಿಂದೆ ಬಿದ್ದೆ. ಹಾರ್ನು ಹಾಕಲಿಲ್ಲ. ಚಕ್ಕಡಿ ಹೊಡೆಯುತ್ತಿದ್ದ ದ್ಯಾಮಣ್ಣನೆಂಬವನು ಬಹಳ ಹೊತ್ತು ಹಿಂದೆ ನೋಡಿ, ನೋಡಿ, ಎತ್ತುಗಳನ್ನು ಬದಿಗೆ ಎಳೆದು ನಿಲ್ಲಿಸಿದ.

“ದಾರಿ ಬಿಟ್ಟೇನ್ರಿ. ಮುಂದ ಹೋಗ್ರಿ ಸಾಹೇಬ್ರ.”

“ಬ್ಯಾಡೋ ಮಾರಾಯಾ, ನೀನ ನಡಿ. ಎತ್ತು ದಣದಾವ ನೋಡು, ಬೇಕಾದರ ಸ್ವಲ್ಪ ಹೊತ್ತು ಬಿಚ್ಚು. ನನಗೇನೂ ಅವಸರಿಲ್ಲ.”

ಅವನು ನನ್ನ ಮೋಟಾರನ್ನು ನೋಡಿದ. ಮುಳುಗಲು ಮನಸ್ಸಿಲ್ಲದ ಸೂರ್ಯನನ್ನು ನೋಡಿದ. ಆಮೇಲೆ ನನ್ನನ್ನು ನೋಡಿ, ಕನಿಕರದಿಂದ ಕೇಳಿದ:

“ಮನ್ಯಾಗ ಯಾರೂ ಇಲ್ಲೇನ್ರಿ?”

“ಇದ್ದಾರಪಾ,” ಎಂದೆ. “ಎಲ್ಲಾರೂ ಇದ್ದಾರ. ಅದಕ್ಕ.”