ಕೂದಲೆಳೆಯ ಸಂದು, ಒಂದು ತೊಟ್ಟು ಎಣ್ಣೆ

ಸರಿಯಾಗಿ ನಡೆಯುತ್ತಿರುವ ಯಾವ ವಸ್ತುವನ್ನು ಕಂಡರೂ ನನಗೆ ಒಳಗೊಳಗೇ ಅನುಮಾನ. ಕೆಟ್ಟುಹೋದ ವಸ್ತುವಿನ ವಿಷಯ ಬೇರೆ. ಅದು ಕೆಟ್ಟಿದೆ, ಮುಗಿಯಿತು, ಇನ್ನು ಅದರ ಬಗ್ಗೆ ಹೆದರುವುದಕ್ಕೆ ಏನೂ ಉಳಿದಿಲ್ಲ. ಆದರೆ ವರ್ಷಗಟ್ಟಲೆ ಒಂದೇ ರಾಗದಲ್ಲಿ ಗುಂಯ್‌ಗುಡುವ ಫ್ರಿಜ್ಜು, ಒಂದು ದಿನವೂ ಕಿರುಗುಟ್ಟದ ಗೇಟು, ಯಾವತ್ತೂ ತೊಟ್ಟಿಕ್ಕದ ನಲ್ಲಿ, ಇವೆಲ್ಲ ಒಂದಾಗಿ ನನ್ನ ಬೆನ್ನ ಹಿಂದೆ ಏನೋ ಪಿತೂರಿ ನಡೆಸುತ್ತಿವೆ ಅನ್ನಿಸುತ್ತದೆ. ಮೊನ್ನೆ ಡಾಕ್ಟರು ಬಿ.ಪಿ. ನೋಡಿ "ನಾರ್ಮಲ್" ಎಂದಾಗ, "ಇನ್ನೊಂದು ಸಲ ನೋಡಿಬಿಡಿ ಡಾಕ್ಟ್ರೇ" ಎಂದೆ. ನೋಡಿದರು. ಎರಡನೇ ಸಲ ಸ್ವಲ್ಪ ಜಾಸ್ತಿ ಇತ್ತು. ಆಗ ನೆಮ್ಮದಿಯಾಯಿತು.

ಇಂಥ ನನ್ನ ಮನೆಯಲ್ಲಿ ಅತ್ಯಂತ ಅನುಮಾನಾಸ್ಪದವಾಗಿ ಸರಿಯಾಗಿದ್ದ ವಸ್ತುವೆಂದರೆ ನನ್ನ ಹೆಂಡತಿ ಸುಮಿತ್ರಾಳ ಸ್ಕೂಟರು. ಹಳೆಯ ಕಾಲದ, ತಗಡಿನ ಮೈಯ, ಕೈಯಲ್ಲೇ ಗೇರು ಹಾಕುವ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಸ್ಕೂಟರು. ಮದುವೆಗೆ ಎರಡು ವರ್ಷ ಮೊದಲು ಅವಳು ತನ್ನ ಸಂಬಳದಲ್ಲೇ ಕೊಂಡದ್ದು. ಹಾಗಾಗಿ ಅವಳ ಬದುಕಿನಲ್ಲಿ ಅದು ನನಗಿಂತ ಎರಡು ವರ್ಷ ಸೀನಿಯರು. ಅವಳು ತಣಿಸಂದ್ರದ ಒಂದು ಶಾಲೆಯಲ್ಲಿ ಗಣಿತದ ಟೀಚರು. ಬೆಳಿಗ್ಗೆ ಎಂಟಕ್ಕೆ ಸೆರಗು ಸಿಕ್ಕಿಸಿ, ಹೆಲ್ಮೆಟ್ ಹಾಕಿ, ಒಂದು ಕಿಕ್ಕು ಹೊಡೆಯುತ್ತಾಳೆ. ಒಂದೇ ಒಂದು. ಸ್ಕೂಟರು ಎದ್ದು ನಿಂತು ನಮಸ್ಕಾರ ಹೇಳುತ್ತದೆ. ನಾನು ಹಿಂದೆ ಕೂತು, ಟಿಫಿನ್ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು, ಏರ್‌ಪೋರ್ಟ್ ರಸ್ತೆಯ ಬಸ್ ಸ್ಟಾಪಿನವರೆಗೆ ಹೋಗುತ್ತೇನೆ. ನಾನು ಓಡಿಸುವುದಿಲ್ಲ. ಕ್ಲಚ್ಚು ಬಿಡುವಾಗ ಏನೇನಾಗಬಹುದು ಎಂದು ಯೋಚಿಸುವಷ್ಟರಲ್ಲಿ ಹಿಂದಿನವರು ಹಾರನ್ನು ಹೊಡೆದಿರುತ್ತಾರೆ. ನನ್ನ ಪಾಲಿಗಿದ್ದದ್ದು ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸ ಮಾತ್ರ. ಎಂಜಿನ್ನಿಗೆ ಕಡಿಮೆಯಾದೀತೆಂಬ ಭಯದಲ್ಲಿ ಅಳತೆಯ ಮೇಲೆ ಒಂದು ಮುಚ್ಚಳ ಹೆಚ್ಚಿಗೆ ಹಾಕುತ್ತಿದ್ದೆ. "ಹಿಂದೆ ಬರೋರಿಗೆಲ್ಲ ಸಾಂಬ್ರಾಣಿ ಹಾಕ್ತಾ ಇದ್ದೀರಲ್ರೀ" ಎಂದು ಅವಳು ಆ ಕೆಲಸವನ್ನೂ ಕಿತ್ತುಕೊಂಡಳು.

ಇಷ್ಟು ಕೇಳಿ ನೀವು ನನಗೆ ಎಂಜಿನ್ನಿನ ಗಂಧವಿಲ್ಲ ಎಂದುಕೊಂಡರೆ ತಪ್ಪು. ಇಲ್ಲಿಯವರೆಗೆ ಮುಚ್ಚಿಟ್ಟದ್ದನ್ನು ಈಗ ಹೇಳಿಬಿಡುತ್ತೇನೆ. ನಾನು ಹುಣಸಮಾರನಹಳ್ಳಿ ಕಡೆಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಎಂಜಿನ್ನುಗಳ ಪಾಠ ಮಾಡುತ್ತಿದ್ದೇನೆ. ಥಿಯರಿ ಮಾತ್ರ. ಪ್ರಾಕ್ಟಿಕಲ್ಲಿಗೆ ಬೇರೆಯವರಿದ್ದಾರೆ. ಪ್ರತಿ ವರ್ಷ ಒಂದು ಪಿರಿಯಡ್ಡು ರೋಟರಿ ವಾಲ್ವಿನ ಬಗ್ಗೆ ಇರುತ್ತದೆ. ಎಂಜಿನ್ನಿನೊಳಕ್ಕೆ ಗಾಳಿ ಮತ್ತು ಪೆಟ್ರೋಲು ಬರಲು ಒಂದು ಬಾಗಿಲು ಬೇಕು. ಬಂದದ್ದು ವಾಪಸ್ಸು ಓಡದಂತೆ ಅದು ಮುಚ್ಚಿಕೊಳ್ಳಲೂ ಬೇಕು. ಸಾಮಾನ್ಯವಾಗಿ ಈ ಬಾಗಿಲು ಮೇಲೆ ಕೆಳಗೆ ಕುಣಿಯುತ್ತದೆ. ರೋಟರಿ ವಾಲ್ವಿನಲ್ಲಿ ತಿರುಗುವ ಚಕ್ರವೇ ಬಾಗಿಲು. ಅದರ ಅಂಚಿನಲ್ಲಿ ಒಂದು ಕಡೆ ಕಚ್ಚು ಕತ್ತರಿಸಿರುತ್ತಾರೆ. ಕಚ್ಚು ತೂತಿನೆದುರಿಗೆ ಬಂದರೆ ತೆರೆದಂತೆ, ಉಳಿದ ಅಂಚು ಬಂದರೆ ಮುಚ್ಚಿದಂತೆ. ರಬ್ಬರಿಲ್ಲ, ವಾಷರಿಲ್ಲ. ಚಕ್ರಕ್ಕೂ ಗೋಡೆಗೂ ನಡುವೆ ಕೂದಲೆಳೆಗಿಂತ ತೆಳುವಾದ ಸಂದು. ತಾಗಿದರೆ ಎರಡೂ ಸವೆದು ಹಾಳು, ದೂರವಾದರೆ ಬಾಗಿಲು ಸೋರುತ್ತದೆ. ಪೆಟ್ರೋಲಿನ ಜೊತೆ ಬಂದ ಎಣ್ಣೆ ಆ ಸಂದಿನಲ್ಲಿ ತೆಳ್ಳಗೆ ಹರಡಿಕೊಂಡು ಜಾರಿಸುವ ಕೆಲಸವನ್ನೂ ಮುಚ್ಚುವ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಇದನ್ನೇ ಬುಧವಾರ ಬೋರ್ಡಿನ ಮೇಲೆ ಬರೆದು, "ಈ ಮೇಲ್ಮೈಯನ್ನು ಯಾವ ಕಾರಣಕ್ಕೂ ಗೀಚಬಾರದು" ಎಂದು ಎರಡು ಗೆರೆ ಎಳೆದಿದ್ದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಒಂದಕ್ಕೊಂದು ತಾಗೋದೇ ಇಲ್ಲ ಅಂದ್ಮೇಲೆ ಮುಚ್ಚಿದ ಹಾಗೆ ಹೇಗೆ ಸಾರ್?" ಎಂದಳು. ನಾನು ಡಸ್ಟರು ಎತ್ತಿಕೊಂಡು, "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಎಂದೆ. ಪ್ರಶ್ನೆ ಕೂತುಕೊಳ್ಳಲಿಲ್ಲ. ಮೂರು ದಿನ ತಲೆಯೊಳಗೆ ನಿಂತೇ ಇತ್ತು.

ಶುಕ್ರವಾರ ಸುಮಿತ್ರಾ ತಂಗಿಯ ಮನೆಯ ನಾಮಕರಣಕ್ಕೆಂದು ಕೋಲಾರಕ್ಕೆ ಹೋದಳು. ಭಾನುವಾರ ಸಂಜೆ ಬರುವವಳು. ಹೋಗುವಾಗ "ಗ್ಯಾಸ್ ಆಫ್ ಮಾಡಿ, ಗೇಟ್ ಹಾಕಿ, ಸ್ಕೂಟರ್ ಮುಟ್ಟಬೇಡಿ" ಎಂದು ಮೂರೇ ಮಾತು ಹೇಳಿದ್ದಳು. ಮೊದಲ ಎರಡನ್ನು ತಪ್ಪದೆ ಪಾಲಿಸಿದೆ. ಮೂರನೆಯದಕ್ಕೆ ಅಡ್ಡಿ ಬಂದದ್ದು ಒಂದು 'ಟಿಕ್' ಶಬ್ದ. ಹಿಂದಿನ ವಾರವಿಡೀ ಹಿಂದಿನ ಸೀಟಿನಲ್ಲಿ ಅದು ನನಗೆ ಕೇಳಿಸಿತ್ತು. ಅವಳಿಗೆ ಹೇಳಿದಾಗ "ಅದು ನಿಮ್ಮ ಟಿಫಿನ್ ಡಬ್ಬಿಯೊಳಗಿನ ಚಮಚ" ಎಂದಿದ್ದಳು. ನಾನು ನಂಬಲಿಲ್ಲ. ಶನಿವಾರ ಬೆಳಿಗ್ಗೆ, ಅವಳು ಬರುವಷ್ಟರಲ್ಲಿ ಒಳಗೆಲ್ಲ ಶುಚಿ ಮಾಡಿ ಆಶ್ಚರ್ಯಪಡಿಸೋಣವೆಂದು ಸ್ಪ್ಯಾನರು ಹಿಡಿದು ಕೂತೆ. ಪಕ್ಕದ ತಗಡು ತೆಗೆದೆ, ಕಾರ್ಬುರೇಟರ್ ಬಿಚ್ಚಿದೆ. ಅದರ ಕೆಳಗೆ ಉದ್ದನೆಯದೊಂದು ತೂತು. ತೂತಿನೊಳಗೆ ಯಾವುದೋ ಚಕ್ರದ ಅಂಚು, ಮೇಲೆ ಕಪ್ಪಗೆ, ಜಿಡ್ಡುಜಿಡ್ಡಾಗಿ ಎಣ್ಣೆ. ಬೆರಳಿಟ್ಟು ನೋಡಿದೆ. ಛೇ, ಎಷ್ಟು ವರ್ಷದ ಕೊಳೆಯೋ! ಅಡುಗೆಮನೆಗೆ ಹೋಗಿ, ತಳ ಹಿಡಿದ ಪಾತ್ರೆಗಳಿಗೆ ಬಳಸುವ ಉಕ್ಕಿನ ನಾರು ತಂದು, ಪೆಟ್ರೋಲಿನಲ್ಲಿ ಅದ್ದಿ, ಕಿಕ್ಕರನ್ನು ಕೈಯಿಂದ ನಿಧಾನ ಒತ್ತಿ ಚಕ್ರ ತಿರುಗಿಸುತ್ತ, ಸುತ್ತಲೂ ಚೆನ್ನಾಗಿ ಉಜ್ಜಿದೆ. ಅಂಚು ಮದುವೆಮನೆಯ ಬೆಳ್ಳಿ ಲೋಟದಂತೆ ಹೊಳೆಯಿತು. ಅದರಲ್ಲಿ ನನ್ನ ಮುಖ ಸ್ವಲ್ಪ ಕಾಣಿಸಿತು ಕೂಡ, ನಗುತ್ತಿತ್ತು.

ಎಲ್ಲವನ್ನೂ ಮತ್ತೆ ಜೋಡಿಸಿ ಕಿಕ್ಕು ಹೊಡೆದೆ. ಒಳಗೆ ಕರ್ ಎಂದಿತು. ಇನ್ನೊಂದು ಹೊಡೆದೆ. ಇಪ್ಪತ್ತೊಂದನೆಯದಕ್ಕೆ ಸ್ಕೂಟರು ಒಂದು ಸಲ ಸೀನಿತು. ಒಳಗೆ ಹೋಗಬೇಕಾದ ಪೆಟ್ರೋಲು ಬಂದ ದಾರಿಯಲ್ಲೇ ವಾಪಸ್ಸು ಚಿಮ್ಮಿ ನನ್ನ ಬನಿಯನ್ನಿನ ಮೇಲೆ ಬಿತ್ತು. ಆಮೇಲೆ ಅದೂ ಇಲ್ಲ. ನನ್ನ ಎದೆ ಮಾತ್ರ ಎರಡು ಸ್ಟ್ರೋಕಿನಲ್ಲಿ ಓಡತೊಡಗಿತು. ಆ ಸ್ಕೂಟರನ್ನು ಅವಳ ಅಪ್ಪ, ಅಣ್ಣ, ನಾನು, ಎಲ್ಲರೂ ಮಾರಲು ಹೇಳಿದ್ದೆವು. ಯಾರ ಮಾತನ್ನೂ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅದನ್ನು ನಾನು ಪಾತ್ರೆ ಉಜ್ಜುವ ನಾರಿನಿಂದ ಮುಗಿಸಿದ್ದೆ.

ಕೊಡಿಗೇಹಳ್ಳಿಯ ಹಳೇ ಊರಿನೊಳಗೆ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡಿರುವ ಹೆಂಚಿನ ಮನೆಯ ಜಗಲಿಯಲ್ಲಿ ಮುನಿರಾಜುವಿನ ಗ್ಯಾರೇಜಿದೆ. ಅಲ್ಲಿಯವರೆಗೆ ತಳ್ಳಿಕೊಂಡು ಹೋದೆ. ದಾರಿಯಲ್ಲಿ ನಾಲ್ಕು ಜನ "ಪೆಟ್ರೋಲ್ ಖಾಲಿನಾ ಸಾರ್?" ಎಂದು ಕೇಳಿದರು, ನಾಲ್ವರಿಗೂ ಹೌದೆಂದೆ. ಮುನಿರಾಜುವಿಗೆ ಸುಮಿತ್ರಾಳ ಪರಿಚಯವಿದೆ, ನನ್ನದಿಲ್ಲ. ಸ್ಕೂಟರು ನೋಡಿದವನೇ, "ಇದು ಟೀಚರಮ್ಮನ ಗಾಡಿ ಅಲ್ವಾ? ನೀವ್ಯಾರು?" ಎಂದ. ಗಂಡ ಎಂದೆ. "ಓ, ಇಂದುಗಡೆ ಕೂತ್ಕೊಳೋರು" ಎಂದು ಗುರುತು ಹಿಡಿದ. ಕಾರ್ಬುರೇಟರ್ ಬಿಚ್ಚಿ, ಟಾರ್ಚು ಬಿಟ್ಟು ನೋಡಿ, ಕಡ್ಡಿಯ ತುದಿಯ ಮ್ಯಾಗ್ನೆಟ್ಟನ್ನು ತೂತಿನೊಳಗೆ ಆಡಿಸಿ, ಸುರುಳಿಸುರುಳಿಯಾದ ಒಂದು ಉಕ್ಕಿನ ಎಳೆಯನ್ನು ಹೊರಗೆಳೆದ.

"ಇದೇನ್ ಸಾ?"

"ಪಾತ್ರೆ ಉಜ್ಜೋದು."

"ಪಾತ್ರೆ ಉಜ್ಜೋದು ಎಂಜಿನ್ ಒಳಗ್ಯಾಕ್ ಬಂತು?"

"ಉಜ್ಜಿದೆ."

ಮುನಿರಾಜು ಟಾರ್ಚು ಆರಿಸಿದ. "ಯಾಕ್ ಸಾ ಇಂಗ್ ಮಾಡ್ಬುಟ್ರಿ? ಅದು ರೋಟರಿ ವಾಲ್ವು ಸಾ. ಅದನ್ನ ಬೆರಳಲ್ಲೂ ಮುಟ್ಬಾರ್ದು."

ಇಪ್ಪತ್ತೆರಡು ವರ್ಷ! ನನ್ನ ಪುಸ್ತಕದಲ್ಲಿ ಉದಾಹರಣೆಗೆ ಕೊಟ್ಟದ್ದು ಯಾವುದೋ ಪರದೇಶದ ರೇಸ್ ಬೈಕು. ನನ್ನ ಚಿತ್ರದಲ್ಲಿ ಆ ಚಕ್ರಕ್ಕೆ ಓರೆಗೆರೆಗಳಿರುತ್ತಿದ್ದವು, ಬಾಣದ ಗುರುತು ಇರುತ್ತಿತ್ತು, ಪಕ್ಕದಲ್ಲಿ ಹೆಸರು ಬರೆದಿರುತ್ತಿತ್ತು. ಇಲ್ಲಿ ಹೆಸರು ಬರೆದಿರಲಿಲ್ಲ. ದಿನಾ ಬೆಳಿಗ್ಗೆ ನನ್ನಿಂದ ಒಂದು ಗೇಣು ಕೆಳಗೆ ಅದು ತಿರುಗುತ್ತಿತ್ತು. ಅದರ ಮೇಲೆ ಕೂತು ಹೋಗಿ, ಅದರ ಪಾಠ ಮಾಡಿ, ಸಂಜೆ ಮತ್ತೆ ಅದರ ಮೇಲೆ ಕೂತು ಬರುತ್ತಿದ್ದೆ.

ಬ್ರೇಕು ಸರಿಮಾಡಿಸಲು ಕಾದಿದ್ದ ಫುಡ್ ಡೆಲಿವರಿಯವನೊಬ್ಬ ಕುತೂಹಲದಿಂದ ಹತ್ತಿರ ಬಂದ. "ಸಾರ್, ನೀವ್ ಏನ್ ಕೆಲ್ಸ ಮಾಡೋದು?"

"ಮೇಷ್ಟ್ರು."

"ಏನ್ ಸಬ್ಜೆಕ್ಟು ಸಾರ್?"

ನನ್ನ ಬಾಯಿಂದ "ಕನ್ನಡ" ಎಂದು ಬಂದುಬಿಟ್ಟಿತು. ನಾಡಿನ ಸಮಸ್ತ ಕನ್ನಡ ಮೇಷ್ಟರುಗಳ ಕ್ಷಮೆ ಕೋರುತ್ತೇನೆ. ಮುನಿರಾಜುವಿನ ಮುಖ ಸಡಿಲವಾಯಿತು. "ಅದಕ್ಕೇ ಮತ್ತೆ! ಎಂಜಿನ್ ಗೊತ್ತಿರೋನು ಇಂಗ್ ಮಾಡ್ತಾನಾ? ಬನ್ನಿ ಇಲ್ಲಿ, ಏಳಿಕೊಡ್ತೀನಿ" ಎಂದು ಪಕ್ಕಕ್ಕೆ ಕರೆದ. ಅಂಗಳದ ನಲ್ಲಿಯಲ್ಲಿ ತೊಳೆದ ಸ್ಟೀಲ್ ಲೋಟವನ್ನು ಒದ್ದೆಯಾಗಿಯೇ ಒಂದು ಚಿಕ್ಕ ತಟ್ಟೆಯ ಮೇಲಿಟ್ಟು, ಲೋಟ ಎತ್ತಿದ. ತಟ್ಟೆಯೂ ಜೊತೆಗೇ ಮೇಲೆ ಬಂತು. "ಅಂಟು ಆಕಿದೀನಾ? ಇಲ್ಲ. ಎರಡರ ಮಧ್ಯ ಒಸಿ ನೀರು, ಅಷ್ಟೆ. ಸಂದು ಸಣ್ಣಕಿದ್ರೆ ನೀರು ಆಚೆ ಓಗಲ್ಲ, ಗಾಳೀನೂ ಒಳಗೆ ಬಿಡಲ್ಲ. ಎಣ್ಣೆ ಇನ್ನೂ ಗಟ್ಟಿ ಇಡ್ಕೊಳುತ್ತೆ. ನಿಮ್ ನಾರಿನ ಎಳೆ ಆ ಸಂದಲ್ಲಿ ಸಿಕ್ಕಾಕೊಂಡು ಗೋಡೆ ಮೇಲೆ ಗೀರು ಆಕೈತೆ. ಗೀರು ಅಂದ್ರೆ ಕಾಲುವೆ. ಕಾಲುವೆ ಇದ್ರೆ ಎಣ್ಣೆ ನಿಲ್ತದಾ?" ಮೂರನೇ ಬೆಂಚಿನ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಒಂದು ಲೋಟದ ತಳದಲ್ಲಿತ್ತು. ಹೆದರಿಕೆಯನ್ನು ಮರೆತು ಆ ತಟ್ಟೆಯನ್ನು ಐದಾರು ಸಲ ಎತ್ತಿ ಎತ್ತಿ ನೋಡಿದೆ.

"ಈಗ ಟೆಸ್ಟು" ಎಂದ ಮುನಿರಾಜು. ಚಕ್ರ ತಿರುಗಿಸಿ, ಬಾಗಿಲು ಮುಚ್ಚಿದ ಸ್ಥಿತಿಗೆ ತಂದು, ತೂತಿನಲ್ಲಿ ಎರಡು ಚಮಚ ಎಣ್ಣೆ ಬೆರೆತ ಪೆಟ್ರೋಲು ಸುರಿದ. ಪುಟ್ಟ ಕೊಳದಂತೆ ಅದು ನಿಂತಿತು. "ಒಂದು ಟೀ ಕುಡಿಯೋಗಂಟ ನಿಂತ್ರೆ ಪಾಸು. ಅಷ್ಟ್ರಲ್ಲಿ ಇಳಿದೋದ್ರೆ ಎಂಜಿನ್ ಅರ್ಧ ಮಾಡಿ ಬಿಚ್ಬೇಕು. ಒಸ ಕೇಸು, ಅದೇ ಆ ಗೋಡೆ, ಎಲ್ಲೂ ಸಿಗಲ್ಲ. ಯಶವಂತಪುರದ ಗುಜರೀಲಿ ಸಿಕ್ರೆ ಪುಣ್ಯ, ಇಲ್ದಿದ್ರೆ ಟೀಚರಮ್ಮಂಗೆ ನೀವೇ ಏಳ್ಬೇಕು." ಎದುರಿನ ಅಂಗಡಿಯಿಂದ ಟೀ ಬಂತು. ನಾನು ಕೊಳವನ್ನೊಮ್ಮೆ ನೋಡಿದೆ, ಲೋಟವನ್ನೊಮ್ಮೆ ನೋಡಿದೆ, ಕುದಿಯುತ್ತಿದ್ದ ಟೀಯನ್ನು ಮೂರೇ ಗುಟುಕಿಗೆ ಕುಡಿದು ಮುಗಿಸಿದೆ. ನಾಲಗೆಯಿಂದ ಹೊಟ್ಟೆಯವರೆಗೆ ಒಂದು ಗೆರೆ ಎಳೆದಂತಾಯಿತು. "ಆಯ್ತು! ಪಾಸು!" ಎಂದೆ.

"ನಿಮ್ ಟೀ ಅಲ್ಲ ಸಾ," ಎಂದ ಮುನಿರಾಜು, "ನನ್ ಟೀ."

ಅವನು ಟೀ ಕುಡಿಯುವುದನ್ನು ನೀವು ನೋಡಬೇಕು. ಊದಿದ. ಇಟ್ಟ. ಡೆಲಿವರಿಯವನ ಬ್ರೇಕು ಬಿಗಿ ಮಾಡಿದ. ಬಂದು ಮತ್ತೆ ಊದಿದ. ಕೊಳ ಒಂದು ಕೂದಲಿನಷ್ಟು ಇಳಿಯಿತು. ಮೂವರೂ ತಲೆ ಬಗ್ಗಿಸಿ ನೋಡುತ್ತಿದ್ದೆವು. "ಇಳೀತಿದೆ ಸಾರ್" ಎಂದ ಡೆಲಿವರಿಯವನು. "ಸುಮ್ನಿರಪ್ಪಾ" ಎಂದೆ, ಸುಟ್ಟ ನಾಲಗೆಯಲ್ಲಿ. ಅವನ ಫೋನಿನಲ್ಲಿ ಯಾರೋ ಗಿರಾಕಿ ಊಟ ಎಲ್ಲಿ ಎಂದು ಕೂಗಾಡುತ್ತಿದ್ದರೂ ಅವನು ಹೊರಡಲಿಲ್ಲ. ಕೊನೆಗೆ ಮುನಿರಾಜು ಲೋಟದ ತಳದ ಗಸಿಯನ್ನು ಅಂಗಳಕ್ಕೆ ಚೆಲ್ಲಿ ಬಗ್ಗಿದ. ಕೊಳ ಅರ್ಧದಷ್ಟು ಉಳಿದಿತ್ತು. "ಜಸ್ಟ್ ಪಾಸು," ಎಂದ. "ಗೀರು ಅಂಚಿಗೆ ಬಿದ್ದೈತೆ, ಬಚಾವು. ಗಾಡಿ ಓಡ್ತದೆ. ಆದ್ರೆ ಒಂದು ಕಿಕ್ಕಿಗೆ ಏಳಲ್ಲ. ಮೊದಲ್ನೇ ಎರಡು ಕಿಕ್ಕು ಸಂದಿಗೆ ಎಣ್ಣೆ ಕುಡಿಸೋಕೇ ಓಯ್ತದೆ. ಮೂರ್ನೇದಕ್ಕೆ ಇಡ್ಕೊಳುತ್ತೆ." ಹಾಗೇ ಆಯಿತು. ಮೂರನೆಯದಕ್ಕೆ ಸ್ಕೂಟರು ಕೆಮ್ಮಿ, ಮೊದಲಿನ ದನಿಯಲ್ಲೇ ಮಾತಾಡಿತು. ಡೆಲಿವರಿಯವನು ಚಪ್ಪಾಳೆ ಹೊಡೆದು, ಆರಿದ ಊಟದೊಂದಿಗೆ ಹೊರಟ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸುಮಿತ್ರಾ ಒಂದು ಕಿಕ್ಕು ಹೊಡೆದಳು. ಸ್ಕೂಟರು ಸುಮ್ಮನಿತ್ತು. ಎರಡನೆಯದು ಹೊಡೆದಳು. ಸುಮ್ಮನಿತ್ತು. ಮೂರನೆಯದನ್ನು ಹೊಡೆಯಲಿಲ್ಲ, ಹೆಲ್ಮೆಟ್ಟಿನ ಗಾಜು ಎತ್ತಿ ನನ್ನನ್ನು ನೋಡಿದಳು. ಅವಳು ಏನೂ ಕೇಳುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ತಿರುಗುವ ಚಕ್ರ, ಸಂದು, ಎಣ್ಣೆಯ ಪದರ, ಒದ್ದೆ ಲೋಟ, ಗೀರು, ಕೊಳ, ಅರ್ಧ ಉಳಿದದ್ದು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಆ ಪಾಠವನ್ನು ನಾನು ಮಾಡಿದ್ದಿಲ್ಲ. ಅವಳು ಗಣಿತದ ಉತ್ತರಪತ್ರಿಕೆ ಓದುವಂತೆ ತಾಳ್ಮೆಯಿಂದ ಕೇಳಿದಳು.

"ಅದನ್ನ ಗೀಚಬಾರದು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಬುಧವಾರ ಬೋರ್ಡ್ ಮೇಲೆ ಬರೆದಿದ್ದೆ."

"ಗೊತ್ತಿದ್ದೂ ಉಜ್ಜಿದ್ರಾ?"

"ಅದೇ ಇದು ಅಂತ ಗೊತ್ತಿರಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಸ್ಕೂಟರಿನ ಹ್ಯಾಂಡಲ್ಲನ್ನು ಒಮ್ಮೆ ಅಂಗೈಯಿಂದ ಒರೆಸಿದಳು. ಆಮೇಲೆ, "ಒಟ್ಟು ಮೂರು ಕಿಕ್ಕು. ಅದರಲ್ಲಿ ಎರಡು ನೀವು ಮಾಡಿದ್ದು. ಆ ಎರಡು ಇನ್ನು ಮೇಲೆ ನಿಮ್ಮವು, ನನ್ನದು ಮೊದಲಿನ ಹಾಗೆ ಒಂದೇ" ಎಂದು ಲೆಕ್ಕ ಬಗೆಹರಿಸಿದಳು. ಗಣಿತದವರ ಜೊತೆ ವಾದಕ್ಕೆ ಇಳಿಯಬಾರದು.

ಅಂದಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ, ಎದುರು ಮನೆಯವರು ಬಾಲ್ಕನಿಯಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಸರಿಯಾಗಿ, ನಾನು ಟಿಫಿನ್ ಡಬ್ಬಿಗಳನ್ನು ಕಟ್ಟೆಯ ಮೇಲಿಟ್ಟು, ಪ್ಯಾಂಟು ಸರಿಮಾಡಿಕೊಂಡು ಒಂದು ಕಿಕ್ಕು ಹೊಡೆಯುತ್ತೇನೆ. ಏನೂ ಆಗುವುದಿಲ್ಲ. ಇನ್ನೊಂದು ಹೊಡೆಯುತ್ತೇನೆ. ಏನೂ ಆಗುವುದಿಲ್ಲ. ಪಕ್ಕಕ್ಕೆ ಸರಿಯುತ್ತೇನೆ. ಸುಮಿತ್ರಾ ಬಂದು, ಸೆರಗು ಸಿಕ್ಕಿಸಿ, ಒಂದೇ ಒಂದು ಕಿಕ್ಕಿಗೆ ಎಬ್ಬಿಸಿ ಕೂರುತ್ತಾಳೆ. "ಏನ್ ಸಾರ್, ಇವತ್ತೂ ಆಗ್ಲಿಲ್ವಾ?" ಎಂದು ಎದುರು ಮನೆಯವರು ಮರುಕದಿಂದ ಕೇಳುತ್ತಾರೆ. "ಮೇಡಂ ಕಾಲಲ್ಲಿ ಏನೋ ಇದೆ ಬಿಡಿ." ಆ ಎರಡು ಕಿಕ್ಕುಗಳಲ್ಲಿ ನಾನು ಮಾಡುವ ಸೂಕ್ಷ್ಮ ಕೆಲಸ ಏನೆಂದು, ಸಂದಿಗೆ ಎಣ್ಣೆ ಕುಡಿಸುವವನು ನಾನೇ ಎಂದು ಅವರಿಗೆ ತಿಳಿಸಿ ಹೇಳಬಹುದು, ವಿಷಯ ಈಗ ನನಗೆ ಚೆನ್ನಾಗಿ ಗೊತ್ತು. ಆದರೆ ಹೇಳಲು ಹೊರಟರೆ ಮೊದಲಿನಿಂದ ಹೇಳಬೇಕಾಗುತ್ತದೆ. ಅದಕ್ಕೇ ಡಬ್ಬಿಗಳನ್ನು ಎತ್ತಿಕೊಂಡು ಹಿಂದೆ ಕೂರುತ್ತೇನೆ.