ಎದುರುಮನೆಯ ಸಿಳ್ಳೆ

ಲಿಫ್ಟಣ್ಣನ ಬಚ್ಚಲಿನಿಂದ ಸಿಳ್ಳೆ ಕೇಳಿಸಿದ್ದೇ ತಡ, ಎದುರುಮನೆಯ ನಿವೃತ್ತ ಟೀಚರಮ್ಮ ಕಾಫಿ ಲೋಟ ಕುಕ್ಕಿ ಓಡಿಬಂದು ಅವನ ಬಾಗಿಲಿಗೆ ಕಿವಿ ಹಚ್ಚಿದರು. ಒಂದು ತಿಂಗಳಿಂದ ಬೆಳಿಗ್ಗೆ ಇದೇ ಅವರ ಕಸುಬು.

ಲಿಫ್ಟಣ್ಣ ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವನು. ಲಿಫ್ಟೇ ಮಾತಾಡಲು ಕಲಿತ ಮೇಲೆ, ಐವತ್ತರ ಹೊಸ್ತಿಲಲ್ಲಿ ಕೆಲಸ ಕಳಕೊಂಡು ಮನೆಯಲ್ಲಿ ಕೂತ. ಅವನದು ಬೆಟ್ಟದ ಮೂಲನಿವಾಸಿಗಳ ಕುಲ. ಗುಡ್ಡದಿಂದ ಗುಡ್ಡಕ್ಕೆ ಸಿಳ್ಳೆಯಲ್ಲೇ ಮಾತಾಡುವ ಜನ. ಪಟ್ಟಣದಲ್ಲಿ ಅದು ಪೋಕರಿಗಳ ಚಾಳಿ ಎಂದು ಬೈಸಿಕೊಂಡು ಇಷ್ಟು ವರ್ಷ ತುಟಿ ಹೊಲಿದುಕೊಂಡಿದ್ದ. ಈಗ ಆ ಸಿಳ್ಳೆಮಾತನ್ನೇ ಯಂತ್ರಕ್ಕೆ ಕಲಿಸುವ ಕಂಪನಿಯೊಂದು ಅವನನ್ನು ಪರೀಕ್ಷೆಗೆ ಇಟ್ಟುಕೊಂಡಿತ್ತು. ಯಾರಿಗೂ ಹೇಳಬಾರದೆಂದು ಕಟ್ಟಪ್ಪಣೆ ಬೇರೆ. ಅದಕ್ಕೇ ಬಚ್ಚಲಲ್ಲಿ ಅಭ್ಯಾಸ. ಇವತ್ತು ಕಂಪನಿಯ ಮೇಡಂ ಯಂತ್ರ ತರುತ್ತಾರೆ. ಅದಕ್ಕೆ ಅವನ ಸಿಳ್ಳೆ ಅರ್ಥವಾದರೆ ಕೆಲಸ ಖಾಯಂ.

"ಕೇಳಿದ್ರಾ?" ಟೀಚರಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಯನ್ನು ಎಳೆತಂದು ಪಿಸುಗುಟ್ಟಿದರು. "ಎರಡು ಸಣ್ಣದು, ಒಂದು ಉದ್ದ. ಆಮೇಲೆ ಎದುರು ಬಿಲ್ಡಿಂಗಲ್ಲಿ ಯಾರೋ ಟವಲ್ ಒಣಗಿಸ್ತಾರೆ. ಕಳ್ಳರ ಸನ್ನೆ ಅಲ್ದೆ ಇನ್ನೇನು?"

"ಟವಲ್ ಎಲ್ರೂ ಒಣಗಿಸ್ತಾರಲ್ಲಮ್ಮ?"

"ಅದೇ ಮತ್ತೆ! ಎಷ್ಟು ಜನ ಸೇರ್ಕೊಂಡಿದಾರೆ ನೋಡಿ!"

ಕಾರ್ಯದರ್ಶಿಗೂ ಬೆವರಿತು. ಇಬ್ಬರೂ ಬಾಗಿಲಿಗೆ ಭುಜ ಕೊಟ್ಟರು. ಹೊರಗೇನು ಗುಸುಗುಸು ಎಂದು ಲಿಫ್ಟಣ್ಣನಿಗೂ ಅನುಮಾನ. ಬಗ್ಗಿ ಮೆಲ್ಲಗೆ ಚಿಲಕ ಸರಿಸಿದ. ಬಾಗಿಲು ರಪ್ಪೆಂದು ಅವನ ಬಾಯಿಗೇ ಬಡಿಯಿತು. ಮುಂದಿನ ಹಲ್ಲೊಂದು ಗೋಲಿಯ ಹಾಗೆ ಉರುಳಿ ಸೋಫಾದಡಿ ಸೇರಿತು.

"ಅಯ್ಯೋ, ಇವತ್ತೇ ಆಗ್ಬೇಕಿತ್ತಾ!" ಎಂದು ಹೆಂಡತಿ ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಮೇಡಂ ಬಂದೇಬಿಟ್ಟರು. ಟಿಫಿನ್ ಡಬ್ಬಿಯಂಥ ಯಂತ್ರ ಮೇಜಿನ ಮೇಲೆ ಕೂತಿತು. ಲಿಫ್ಟಣ್ಣ ಸಿಳ್ಳೆ ಕಲಿಸಿದ ಅಜ್ಜಿಯನ್ನು ನೆನೆದು ತುಟಿ ಕೂಡಿಸಿದ.

"ಫುಸ್..."

"ಮಾತಿಲ್ಲ. ಬರೀ ಗಾಳಿ," ಎಂದಿತು ಯಂತ್ರ.

ಇನ್ನೊಮ್ಮೆ ಊದಿದ. ಮತ್ತೆ ಗಾಳಿಯೇ.

ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ನಿಜವಾಗ್ಲೂ ಆ ಬೆಟ್ಟದವರೇನಾ?"

"ಎಲ್ಲಾ ನಾಟಕ ಮೇಡಂ!" ಟೀಚರಮ್ಮ ಒಳಗೆ ನುಗ್ಗಿದರು. "ನಿಮ್ಮೆದುರು ಸಿಳ್ಳೆ ಬರದವನ ಹಾಗೆ ಆಡ್ತಾನೆ. ದಿನಾ ಹೊಡೆಯೋದು ಹೀಗೆ, ಕೇಳಿ ಬೇಕಾದ್ರೆ!"

ಕನ್ನಡಕ ಸರಿಪಡಿಸಿಕೊಂಡು ಸಿಳ್ಳೆ ಹಾಕಿಯೇಬಿಟ್ಟರು. ಎರಡು ಸಣ್ಣದು, ಒಂದು ಉದ್ದ.

ಯಂತ್ರದಲ್ಲಿ ಹಸಿರು ದೀಪ ಹತ್ತಿತು. "ಮಳೆ ಬರ್ತಿದೆ. ಆಡು ಒಳಗೆ ಕಟ್ಟು."

ಲಿಫ್ಟಣ್ಣನಿಗೆ ಕಣ್ಣು ತುಂಬಿ ಬಂತು. ಅಜ್ಜಿಯದೇ ಎಳೆತ!

ಮೇಡಂ ಎದ್ದು ಟೀಚರಮ್ಮನ ಕೈ ಹಿಡಿದುಕೊಂಡರು. "ಅಮ್ಮಾ, ಕೆಲಸ ಖಾಯಂ. ನಾಳೆಯಿಂದ ಬರ್ತೀರಾ?"

"ಯಾವ ಕೆಲಸ?" ಟೀಚರಮ್ಮ ಅನುಮಾನದಿಂದ ಕೇಳಿದರು. "ಕಳ್ಳತನದ್ದಲ್ಲ ತಾನೆ?"

ಸಂಜೆ ಎದುರುಮನೆಯಲ್ಲಿ ಅಭ್ಯಾಸ ಶುರುವಾಯಿತು. ಲಿಫ್ಟಣ್ಣನಿಗೆ ತಡೆಯಲಾಗಲಿಲ್ಲ. ಹೋಗಿ ಬಾಗಿಲಿಗೆ ಕಿವಿ ಹಚ್ಚಿದ. ಮಳೆ ಸರಿ, ಆಡೂ ಸರಿ, ಕಟ್ಟುವುದು ಮಾತ್ರ ಸ್ವಲ್ಪ ಗಿಡ್ಡವಾಯಿತಲ್ಲ ಎಂದುಕೊಳ್ಳುತ್ತಿರುವಾಗ ಬೆನ್ನ ಹಿಂದೆ ಕೆಮ್ಮು ಕೇಳಿಸಿತು.

"ಏನ್ರೀ ಇದು," ಕಾರ್ಯದರ್ಶಿ ನಿಂತಿದ್ದರು, "ಕಂಡವರ ಬಾಗಿಲಿಗೆ ಕಿವಿ ಇಡೋಕೆ ನಾಚಿಕೆ ಆಗಲ್ವಾ?"

ಲಿಫ್ಟಣ್ಣ ಉತ್ತರ ಕೊಡಲು ಬಾಯಿ ತೆರೆದ.

"ಫುಸ್..."